ಐವತ್ತನಾಲ್ಕು ತಡವಲ್ಲ ಕಣೋ

ಪ್ರೀತಿಯ ಗೆಳೆಯ,

ನಾಟಕದವರು ಕರೆದು ಕೊಟ್ಟ ಪಾತ್ರಕ್ಕೆ ನೀನು ಒಲ್ಲೆ ಅಂದೆಯಂತೆ. "ಐವತ್ತನಾಲ್ಕಾಯ್ತು, ಈಗ ಶುರು ಮಾಡಿ ಏನಾಗಬೇಕಿದೆ" ಅಂದೆಯಂತೆ. ಫೋನ್ ಮಾಡಿದರೆ ನೀನು ಮಾತು ಹಾರಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಹೀಗೇ ಹೇಳುವವರು ಇನ್ನೂ ಎಷ್ಟೋ ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ.

ದತ್ತಣ್ಣನವರನ್ನೇ ತಗೋ. ಓದಿದ್ದು ಎಂಜಿನಿಯರಿಂಗ್. ಇಪ್ಪತ್ತು ವರ್ಷಕ್ಕೂ ಜಾಸ್ತಿ ವಾಯುಪಡೆ, ಆಮೇಲೆ ಇಲ್ಲೇ ನಮ್ಮ ಎಚ್‌ಎಎಲ್. ಸಿನಿಮಾಕ್ಕೆ ಬಂದಾಗ ನಲವತ್ತೈದರ ಆಸುಪಾಸು. 'ನೀರ್ ದೋಸೆ' ತೆರೆಗೆ ಬಂದದ್ದು 2016ರಲ್ಲಿ, ಆಗ ಅವರಿಗೆ ಎಪ್ಪತ್ತು ದಾಟಿತ್ತು. ಕೆಲಸ ಇತ್ತು, ಸಂಬಳ ಇತ್ತು, ನಾಟಕದ ಹುಚ್ಚೂ ಇತ್ತು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿ ಬರಲಿಲ್ಲ.

ನನಗೆ ಇನ್ನೂ ಹತ್ತಿರದವರು ಜಿ. ವೆಂಕಟಸುಬ್ಬಯ್ಯನವರು. ಹುಟ್ಟಿದ್ದು 1913ರಲ್ಲಿ. ಇಲ್ಲಿನ ವಿಜಯಾ ಕಾಲೇಜಿನಲ್ಲಿ ಪಾಠ ಹೇಳಿದರು, ನಿವೃತ್ತರಾದರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದರು. ಓದು ಬರಹದ ಲೋಕದಲ್ಲಿ ಅವರಿಗೆ ಆಗಲೇ ಹೆಸರಿತ್ತು. ಆದರೆ ನಮ್ಮಂಥವರ ಮನೆಯೊಳಗೆ ಅವರು ಬಂದದ್ದು 1991ರಲ್ಲಿ, ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಶುರುವಾದ ಮೇಲೆ. ಎಪ್ಪತ್ತೆಂಟರ ಹತ್ತಿರ! ಓದುಗರು ಯಾವುದೋ ಪದದ ಬಗ್ಗೆ ಕೇಳೋದು, ಇವರು ಬಿಡಿಸಿ ಹೇಳೋದು. ನಮ್ಮಪ್ಪ ಆ ಅಂಕಣವನ್ನು ಬ್ಲೇಡಿನಿಂದ ಕತ್ತರಿಸಿ, ಹಳೇ ಡೈರಿಯೊಳಗೆ ಅನ್ನದ ಅಗುಳು ಹಚ್ಚಿ ಅಂಟಿಸುತ್ತಿದ್ದರು. ಆ ಡೈರಿಗಳು ಈಗಲೂ ನಮ್ಮ ಅಟ್ಟದ ಮೇಲಿವೆ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರಿಗೆ 97. ಪದ್ಮಶ್ರೀ ಬಂದಾಗ 103.

ಆ ಅಂಕಣವನ್ನು ಅವರು ಮೂವತ್ತರಲ್ಲಿ ಬರೆಯೋಕೆ ಆಗ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ಅಷ್ಟು ವರ್ಷದ ಪಾಠ, ಅಷ್ಟು ವರ್ಷದ ನಿಘಂಟಿನ ಕೆಲಸ ಎಲ್ಲ ಸೇರಿ ಬಂದ ಉತ್ತರಗಳು ಅವು.

ಈಗ ನಿನ್ನ ವಿಷಯ. ಮೊನ್ನೆ ಓದಿಸಿದಾಗ ನಾನೂ ಅಲ್ಲೇ ಮೂಲೆಯಲ್ಲಿ ಕೂತಿದ್ದೆ. ರಿಟೈರಾದ ಮೇಷ್ಟ್ರು ಪಿಂಚಣಿ ದುಡ್ಡು ಎಣಿಸುವ ಜಾಗ. ಸ್ಕ್ರಿಪ್ಟಿನಲ್ಲಿದ್ದದ್ದು 'ಎಣಿಸುತ್ತಾನೆ' ಅಂತ ಅಷ್ಟೇ. ನೀನು ಬೆರಳಿಗೆ ಎಂಜಲು ಮುಟ್ಟಿಸಿದೆ. ಎರಡು ಸಲ ಎಣಿಸಿದೆ. ಕೊನೇ ನೋಟನ್ನು ಬೆಳಕಿಗೆ ಹಿಡಿದೆ. ಕೈಯಲ್ಲಿ ನೋಟೇ ಇರಲಿಲ್ಲ ಮಾರಾಯ, ನಮಗೆಲ್ಲ ಕಾಣಿಸಿತು! ಬ್ಯಾಂಕಿನ ಕೌಂಟರಿನಲ್ಲಿ ಅಷ್ಟು ವರ್ಷ ಕೂತವನಿಗಲ್ಲದೆ ಇದು ಯಾರಿಗೆ ಹೊಳೆಯುತ್ತೆ? ಇಪ್ಪತ್ತೈದರ ಹುಡುಗ ಕೂದಲಿಗೆ ಬಿಳಿ ಬಳಿದುಕೊಂಡು ಬಂದರೆ ಇದು ಬರಲ್ಲ.

ಹೆಸರು ಬಂದೇ ಬರುತ್ತೆ ಅಂತ ನಾನು ಹೇಳಲ್ಲ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು, ಎಪ್ಪತ್ತೇಳರಲ್ಲಿ. ಅದು ಬಂದ 'ಹಾರ್ಟ್ ಲ್ಯಾಂಪ್' ಸಂಕಲನದ ಹನ್ನೆರಡು ಕಥೆಗಳಲ್ಲಿ ಹಳೆಯವು 1990ರ ಹೊತ್ತಿನವು. ಬರೆಯುವಾಗ ಲಂಡನ್ನಿನ ವೇದಿಕೆ ಅವರ ಕಣ್ಣಮುಂದೆ ಇತ್ತು ಅಂತ ನನಗನ್ನಿಸಲ್ಲ. ಸಾಲುಮರದ ತಿಮ್ಮಕ್ಕನ ವಿಷಯವಂತೂ ನೆನೆದರೆ ಸಂಕಟ ಆಗುತ್ತೆ. ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳಿಗೆ ಅವರ ಜೊತೆ ನೀರು ಹೊತ್ತವರು ಗಂಡ ಚಿಕ್ಕಯ್ಯ. ಅವರು 1991ರಲ್ಲೇ ತೀರಿಕೊಂಡರು. ರಾಷ್ಟ್ರೀಯ ಪೌರ ಪ್ರಶಸ್ತಿ ಬಂದದ್ದು 1995ರಲ್ಲಿ, ಪದ್ಮಶ್ರೀ 2019ರಲ್ಲಿ. ಚಿಕ್ಕಯ್ಯ ಒಂದನ್ನೂ ನೋಡಲಿಲ್ಲ. ಮರಗಳು ಬೆಳೆದದ್ದು ಮಾತ್ರ ಇಬ್ಬರ ನೀರಿನಿಂದಲೂ.

ನಿರ್ದೇಶಕರ ಹತ್ತಿರ ಮಾತಾಡಿದ್ದೇನೆ. ಶನಿವಾರದವರೆಗೆ ಆ ಪಾತ್ರವನ್ನು ಬೇರೆಯವರಿಗೆ ಕೊಡಲ್ಲ ಅಂದಿದ್ದಾರೆ. ತಾಲೀಮು ಭಾನುವಾರ ಬೆಳಿಗ್ಗೆ, ಹನುಮಂತನಗರದಲ್ಲಿ. ಮಾತು ಮರೆತುಹೋಗುತ್ತೆ ಅನ್ನೋ ಭಯ ಇದ್ದರೆ ಸಂಜೆ ಬ್ಯಾಂಕಿನಿಂದ ಸೀದಾ ಲಾಲ್‌ಬಾಗಿಗೆ ಬಾ. ಎದುರು ಪಾತ್ರದ ಮಾತುಗಳನ್ನೆಲ್ಲ ನಾನು ಓದ್ತೀನಿ, ನಿಂದು ಪೂರ್ತಿ ಬಾಯಿಗೆ ಬರೋವರೆಗೂ.

ನಿನ್ನ
ಗೆಳೆಯ