ಸಂಗೀತ ತರಗತಿಗೆ ದೇಣಿಗೆ: ವಾದ್ಯಕ್ಕಿಂತ ಮೊದಲು ಹಿಡಿಕೆ ಬೇಕು

ಆತ್ಮೀಯ ದಾನಿಗಳೇ,

ಅಂಗವೈಕಲ್ಯವುಳ್ಳ ಮಕ್ಕಳನ್ನು ಸಂಗೀತ ತರಗತಿಗೆ ಸೇರಿಸಿಕೊಂಡ ಮೇಲೂ ಅವರ ಪಾಲಿಗೆ ಉಳಿಯುವುದು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವ ಕೆಲಸ. ವಾದ್ಯಗಳಿಗೆ ಬರವಿಲ್ಲ, ಅವು ಆ ಮಕ್ಕಳ ಕೈಗೆ ಎಟುಕುವುದಿಲ್ಲ, ಅಷ್ಟೇ. ಆದ್ದರಿಂದ ಈ ಸಲ ನಮ್ಮ ಟ್ರಸ್ಟ್ ಹೊಸ ವಾದ್ಯ ಕೇಳುತ್ತಿಲ್ಲ. ಇರುವುದನ್ನು ನುಡಿಸಲು ಬೇಕಾದ ಸಣ್ಣಪುಟ್ಟ ಸಲಕರಣೆ ಕೇಳುತ್ತಿದೆ.

ಸ್ನಾಯುಗಳ ಮೇಲೆ ಹತೋಟಿ ಕಡಿಮೆಯಿರುವ ಮಗುವಿನ ಮುಷ್ಟಿಯಿಂದ ಸೈಲೋಫೋನಿನ (ಸಾಲಾಗಿ ಜೋಡಿಸಿದ ಸ್ವರಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ಸಪೂರ ಕೋಲು ಜಾರಿಬಿಡುತ್ತದೆ. ಕೋಲಿಗೆ ಸುಮಾರು 3 ಸೆಂ.ಮೀ. ದಪ್ಪದ ಫೋಮ್ ಕೊಳವೆ ತೊಡಿಸಿ, ಅಂಗೈ ಸುತ್ತ ವೆಲ್ಕ್ರೋ ಪಟ್ಟಿ ಕಟ್ಟಿದರೆ ನಿಲ್ಲುತ್ತದೆ. ಪಟ್ಟಿಯೊಳಗೆ ಒಂದು ಬೆರಳು ತೂರಬೇಕು, ಇಲ್ಲದಿದ್ದರೆ ಕೈ ಮರಗಟ್ಟುತ್ತದೆ. ಸ್ವರಪಟ್ಟಿಗಳನ್ನು ಬಿಡಿಬಿಡಿಯಾಗಿ ತೆಗೆಯಲು ಬರುವಂತಿದ್ದರೆ ಇನ್ನೂ ಒಳ್ಳೆಯದು: ಮ, ನಿ ತೆಗೆದಿಟ್ಟರೆ ಉಳಿದ ಐದು ಸ್ವರಗಳಲ್ಲಿ ಯಾವುದಕ್ಕೆ ಪೆಟ್ಟು ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ.

ಬೆರಳೇ ಆಡದ ಮಕ್ಕಳಿಗೆ ಮೊಣಕೈಯಿಂದಲೋ ತಲೆಯಿಂದಲೋ ಒತ್ತುವ ದೊಡ್ಡ ಗುಂಡಿಯನ್ನು ಟ್ಯಾಬ್ಲೆಟ್‌ಗೆ ಜೋಡಿಸುತ್ತೇವೆ. ಇಲ್ಲಿ ಎಡವಟ್ಟಾಗುವುದು ಸ್ಪೀಕರಿನಿಂದ. ಬ್ಲೂಟೂತ್ ಸ್ಪೀಕರಿನಲ್ಲಿ ಸದ್ದು ಕ್ಷಣಕಾಲ ತಡವಾಗಿ ಬರುತ್ತದೆ. ಮಗು ಸರಿಯಾದ ಪೆಟ್ಟಿಗೇ ಒತ್ತಿದ್ದರೂ ತಾಳ ತಪ್ಪಿತೆಂಬ ದೂರು ಮಗುವಿನ ಮೇಲೆ! ದಯವಿಟ್ಟು ತಂತಿಯ ಸ್ಪೀಕರನ್ನೇ ಕೊಡಿಸಿ.

ಶ್ರವಣಯಂತ್ರಗಳನ್ನು ಮುಖ್ಯವಾಗಿ ಮಾತಿಗೆಂದು ಹೊಂದಿಸಿರುತ್ತಾರೆ. ಅದನ್ನು ತೊಟ್ಟ ಮಗುವನ್ನು ಡೋಲಿನ ಪಕ್ಕದಲ್ಲಿ ಕೂರಿಸಿದರೆ ಸದ್ದು ಒಡೆದು ಕೇಳುತ್ತದೆ. ಅದರ ಬದಲು 12 ಮಿ.ಮೀ. ಪ್ಲೈವುಡ್‌ನ ಟೊಳ್ಳು ವೇದಿಕೆಯ ಮೇಲೆ ಡೋಲನ್ನಿಟ್ಟು, ಮಗು ಬರಿಗಾಲನ್ನು ಅದೇ ಹಲಗೆಯ ಮೇಲೆ ಊರಿದರೆ ಲಯ ಪಾದಕ್ಕೆ ಸಿಗುತ್ತದೆ. ವೇದಿಕೆಯ ಮೇಲೆ ಜಮಖಾನ ಹಾಸಬೇಡಿ, ಕಂಪನವನ್ನೆಲ್ಲ ಅದು ನುಂಗುತ್ತದೆ.

ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್‌ನಲ್ಲಿ ಸಂಗೀತ ಲಿಪಿಯೂ ಇದೆ, ಅದನ್ನು ರೂಪಿಸಿದವರೂ ಲೂಯಿ ಬ್ರೈಲ್ ಅವರೇ. ಆದರೆ ಎರಡೂ ಕೈ ವಾದ್ಯದ ಮೇಲಿದ್ದಾಗ ಓದುವುದೆಲ್ಲಿ? ಮೊದಲೇ ಸಾಲುಸಾಲಾಗಿ ಓದಿ ಬಾಯಿಪಾಠ ಮಾಡಬೇಕು. ಪಾಠದ ದಿನವೇ ಹಾಳೆ ಕೈಗಿತ್ತರೆ ಪ್ರಯೋಜನವಿಲ್ಲ, ಕೆಲವು ವಾರ ಮುಂಚೆ ಮುದ್ರಿಸಬೇಕು. ಆ ಮುದ್ರಣಕ್ಕೂ, ಸಾಲುಗಳ ಧ್ವನಿಮುದ್ರಣಕ್ಕೂ ಹಣ ಬೇಕು.

ಒಂದು ತರಗತಿಗೆ ನಮ್ಮ ಪಟ್ಟಿ: ಹಿಡಿಕೆ ಪಟ್ಟಿ 10, ಎತ್ತರ ಬದಲಿಸಬಹುದಾದ ಸ್ಟ್ಯಾಂಡ್ 4 (ಗಾಲಿಕುರ್ಚಿಯ ಕೈಯಾಸರೆ ಮೇಜಿಗೆ ತಾಗದಿರಲು), ಜಾರದ ಚಾಪೆ 6, ಒತ್ತುಗುಂಡಿ 3, ವೇದಿಕೆ 2, ಗದ್ದಲ ತಾಳದ ಮಕ್ಕಳಿಗೆ ಕಿವಿಗವಸು 6. ಇದರ ಜೊತೆಗೆ ಶಿಕ್ಷಕರ ಪೂರ್ವತಯಾರಿಗೆ ವಾರಕ್ಕೆ ಎರಡು ಗಂಟೆಯ ಗೌರವಧನ. ದಾನಿಗಳು ಇದನ್ನು ಮರೆಯುವುದೇ ಹೆಚ್ಚು, ಆದರೆ ಇದಿಲ್ಲದೆ ಉಳಿದದ್ದೆಲ್ಲ ಕಪಾಟು ಸೇರುತ್ತದೆ.

ಹಳೆಯ ಕೀಬೋರ್ಡು, ಚರ್ಮ ಬಿರಿದ ಡೋಲು ಕಳಿಸಬೇಡಿ, ದುರಸ್ತಿಗೇ ದುಡ್ಡು ಹೋಗುತ್ತದೆ. ಬಡಗಿ ಕೆಲಸ ಬಲ್ಲವರು ವೇದಿಕೆಯನ್ನು ತಾವೇ ಮಾಡಿಕೊಡಬಹುದು, ಅಳತೆ ನಾವು ಕೊಡುತ್ತೇವೆ. ಹಣ ಕೊಡುವವರು ಯಾವ ವಸ್ತುವಿಗೆಂದು ಬರೆದು ತಿಳಿಸಿ, ರಸೀದಿಯಲ್ಲೂ ಅದನ್ನೇ ನಮೂದಿಸುತ್ತೇವೆ.