ಬಿಟ್ಟು ಹೋದವರದ್ದೇ ತಪ್ಪಾ?

ಮಾನ್ಯ ಸಂಪಾದಕರೇ,

ಆಸ್ಪತ್ರೆಯ ಕೌಂಟರ್‌ಗಳಲ್ಲಿ ಜನ ಪರದಾಡುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ನಿಜವೇ. ಆದರೆ ಅದರ ಕೊನೆಯಲ್ಲಿ ಆಡಳಿತಾಧಿಕಾರಿಗಳು ಕೊಟ್ಟ ಸಮಜಾಯಿಷಿ ಓದಿ ಮೈ ಉರಿಯಿತು. ಕೆಲಸಕ್ಕೆ ಸೇರುವ ಈಗಿನ ಹುಡುಗರು ಒಂದು ಕಡೆ ನಿಲ್ಲುವುದಿಲ್ಲವಂತೆ, ಬೇಗ ಬಿಟ್ಟು ಹೋಗುತ್ತಾರಂತೆ, ಅದಕ್ಕೆ ತೊಂದರೆಯಂತೆ. ಯಾಕೆ ನಿಲ್ಲುವುದಿಲ್ಲ ಅಂತ ಒಂದು ಮಾತು ಕೇಳಿದ್ದೀರಾ ಸ್ವಾಮಿ?

ಆ ವರದಿ ಬಂದ ದಿನವೇ ನಾನು ಅಮ್ಮನನ್ನು ವೀಲ್‌ಚೇರ್‌ನಲ್ಲಿ ಕೂರಿಸಿಕೊಂಡು ಅದೇ ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿದ್ದೆ. ರಕ್ತ ಪರೀಕ್ಷೆಗೆಂದು ಅಮ್ಮ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕೌಂಟರ್‌ನಲ್ಲಿದ್ದ ಹುಡುಗಿ ಹೊಸಬಳು. ಅಮ್ಮನ ಬಿಲ್ಲು ಬೇರೆ ಯಾರದೋ ಹೆಸರಿಗೆ ಹೋಯಿತು. ಅದನ್ನು ತಿದ್ದಲು ಅವಳಿಗೆ ಅಧಿಕಾರವಿಲ್ಲ, ಸೂಪರ್‌ವೈಸರ್ ಪಾಸ್‌ವರ್ಡ್ ಬೇಕು. ಸೂಪರ್‌ವೈಸರ್ ಎಲ್ಲೂ ಇಲ್ಲ. ನನ್ನ ಹಿಂದೆ ಸಾಲು ಬೆಳೆಯುತ್ತಲೇ ಇತ್ತು, ಎಲ್ಲರೂ ಅವಳ ಮೇಲೆ ಕೂಗಾಡುತ್ತಿದ್ದರು. ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ನನ್ನ ಒಂದು ದಿನದ ರಜೆ ಹಾಳು, ಅಮ್ಮನಿಗೆ ತಲೆಸುತ್ತು, ಆಟೋಗೆ ಕೊಟ್ಟ ದುಡ್ಡೂ ದಂಡ.

ಕೊನೆಗೆ ಬಂದ ಸೂಪರ್‌ವೈಸರ್ ಮಾಡಿದ್ದೇನು? ನಮ್ಮೆಲ್ಲರ ಮುಂದೆ ಆ ಹುಡುಗಿಗೆ ಬಾಯಿಗೆ ಬಂದ ಹಾಗೆ ಬೈದ. ‘ಆಗದಿದ್ರೆ ಬಿಟ್ಟು ಹೋಗು, ನಿನ್ನಂಥೋರು ಬೇಕಾದಷ್ಟು ಜನ ಸಿಗ್ತಾರೆ’ ಅಂದ. ಹೀಗೆ ಹೇಳುವ ಜಾಗದಲ್ಲಿ ಯಾರು ನಿಲ್ಲುತ್ತಾರೆ? ಕಣ್ಣು ಒರೆಸಿಕೊಂಡು ಅವಳು ಮತ್ತೆ ಟೈಪ್ ಮಾಡಲು ಕೂತಳು. ಅವಳ ಹಿಂದಿನ ಗೋಡೆಯ ಮೇಲೆ ಡ್ಯೂಟಿ ಪಟ್ಟಿ ಅಂಟಿಸಿದ್ದರು. ಹೆಸರುಗಳ ಮೇಲೆ ಚೀಟಿ, ಚೀಟಿಯ ಮೇಲೆ ಇನ್ನೊಂದು ಚೀಟಿ. ಯಾರ ವಾರದ ರಜೆ ಯಾವತ್ತು ಅಂತ ದೇವರಿಗೇ ಗೊತ್ತು.

ಮೊದಲು ಅಲ್ಲಿ ಕೂರುತ್ತಿದ್ದ ಹೆಂಗಸಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಚೀಟಿ ನೋಡಿದ ಕೂಡಲೇ ಯಾವ ಕೋಣೆ, ಯಾವ ಫಾರಂ ಅಂತ ಹೇಳುತ್ತಿದ್ದರು. ನಾಳೆಯ ಪಾಳಿ ಯಾವುದೆಂದು ರಾತ್ರಿ ಮೆಸೇಜ್ ಬರುತ್ತದೆ, ಮಗುವನ್ನು ಯಾರ ಹತ್ತಿರ ಬಿಡಲಿ ಎಂದು ಒಮ್ಮೆ ನನ್ನ ಹತ್ತಿರವೇ ಹೇಳಿಕೊಂಡಿದ್ದರು. ಆಸ್ಪತ್ರೆಗೆ ಕೆಲಸಗಾರರನ್ನು ಒದಗಿಸುವ ಗುತ್ತಿಗೆದಾರ ಸಂಬಳವನ್ನೂ ಹೊತ್ತಿಗೆ ಕೊಡುತ್ತಿರಲಿಲ್ಲ. ಅಷ್ಟು ವರ್ಷ ದುಡಿದರೂ ನಿನ್ನೆ ಸೇರಿದವರಿಗೂ ಅವರಿಗೂ ಒಂದೇ ಸಂಬಳ. ಅವರು ಬಿಟ್ಟು ಹೋದಾಗ ಆ ಕೆಲಸದ ಅನುಭವವೂ ಅವರ ಜೊತೆಗೇ ಹೋಯಿತು. ಹೊಸಬರಿಗೆ ಕಲಿಸುವವರೇ ಇಲ್ಲ.

ಇದೇನು ಇವತ್ತಿನ ಹುಡುಗರ ರೋಗವಲ್ಲ. 1913ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಜನ ಬಿಟ್ಟು ಹೋಗುತ್ತಲೇ ಇದ್ದುದರಿಂದ, ಕೆಲಸಗಾರರ ಸಂಖ್ಯೆ ಸುಮಾರು 14 ಸಾವಿರಕ್ಕಿಂತ ಇಳಿಯದಂತೆ ನೋಡಿಕೊಳ್ಳಲು ಆ ಒಂದೇ ವರ್ಷ 52 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಕೊಡುವುದಾಗಿ ಹೇಳಿ, 9 ಗಂಟೆಯ ದುಡಿಮೆಯನ್ನು 8ಕ್ಕೆ ಇಳಿಸಿದರು. ಬಿಟ್ಟು ಹೋಗುವವರು ತೀರಾ ಕಡಿಮೆಯಾದರು. (ಅದಕ್ಕೂ ಷರತ್ತುಗಳಿದ್ದವು. ಮನೆಗೇ ಬಂದು ನಡತೆ ವಿಚಾರಿಸುತ್ತಿದ್ದರು, ಅದನ್ನು ನಾನು ಒಪ್ಪುವುದಿಲ್ಲ.)

ಸಂಬಳ ಒಂದೇ ಸಾಲದು, ಅದೂ ಗೊತ್ತು. ಸಂಬಳ, ಮೇಲಿನವರ ವರ್ತನೆ, ಸಂಸ್ಥೆಯ ನಿಯಮ ಕೆಟ್ಟಿದ್ದರೆ ಅಸಮಾಧಾನ ಹುಟ್ಟುತ್ತದೆ. ಒಳ್ಳೆ ಕೆಲಸ ಮಾಡಿದಾಗ ಗುರುತಿಸಿದರೆ, ಜವಾಬ್ದಾರಿ ಕೊಟ್ಟರೆ ತೃಪ್ತಿ ಸಿಗುತ್ತದೆ ಎಂದು 1959ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞ ಹರ್ಜ್‌ಬರ್ಗ್ ಹೇಳಿದ್ದರು. ಅವರು ಕೇಳಿದ್ದು ಎಂಜಿನಿಯರುಗಳನ್ನು, ಲೆಕ್ಕಪತ್ರದವರನ್ನು. ಕೌಂಟರ್‌ನವರನ್ನು, ವಾರ್ಡ್ ಆಯಾಗಳನ್ನು ಕೇಳಿದ್ದರೆ ಸಂಬಳದ ಮಾತು ಇನ್ನೂ ಜೋರಾಗಿ ಕೇಳಿಸುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಕೆಲಸದ ಒತ್ತಡ ಜಾಸ್ತಿ, ತೀರ್ಮಾನಿಸುವ ಅಧಿಕಾರ ಕಡಿಮೆ ಇದ್ದಲ್ಲಿ ಮನುಷ್ಯ ಕುಸಿಯುತ್ತಾನೆ ಎಂದು 1979ರಲ್ಲಿ ಅಮೆರಿಕದ ಸಂಶೋಧಕ ಕರಾಸೆಕ್ ಬರೆದರು. ಸಾಲಿನ ಬೈಗುಳವೆಲ್ಲ ಆ ಹುಡುಗಿಗೆ, ಪಾಸ್‌ವರ್ಡ್ ಮಾತ್ರ ಇನ್ನೊಬ್ಬನ ಹತ್ತಿರ. ಇದು ಅದೇ ಅಲ್ವಾ?

ಈ ಅಧಿಕಾರಿಗಳ ವಿಷಯ ನಮಗೆ ಹೊಸದಲ್ಲ. ಲಿಫ್ಟ್ ಕೆಟ್ಟಾಗ ವಾರಗಟ್ಟಲೆ ರೋಗಿಗಳನ್ನು ಮೆಟ್ಟಿಲ ಮೇಲೆ ಹೊತ್ತವರು ಇದೇ ವಾರ್ಡ್ ಹುಡುಗರು. ಅವರಿಗೊಂದು ಒಳ್ಳೆ ಮಾತು ಹೇಳಿದವರಿಲ್ಲ. ದೂರು ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿದೆ. ವಿಚಾರಣೆ ಫೋನ್ ಎತ್ತುವವರಿಲ್ಲ. ಟೋಕನ್ ಯಂತ್ರ ಬಂದ ದಿನ ಫೋಟೊ ತೆಗೆಸಿಕೊಂಡವರು ಅದು ನಿಂತುಹೋದ ಮೇಲೆ ಈ ಕಡೆ ತಲೆ ಹಾಕಿಲ್ಲ. ತಪಾಸಣೆಗೆ ಬರುವ ಕಾರ್ಮಿಕ ಇಲಾಖೆಯವರು ಆಡಳಿತಾಧಿಕಾರಿಗಳ ಕೋಣೆಯಲ್ಲಿ ಕೂತು ಹಾಗೇ ಎದ್ದು ಹೋಗುತ್ತಾರೆ. ನೆಲ ಒರೆಸುವವರನ್ನು ಕರೆದು ಸಂಬಳ ಬಂತಾ ಅಂತ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಆಸ್ಪತ್ರೆಯವರು ಕೂಡಲೇ ಕ್ರಮ ಕೈಗೊಳ್ಳಬೇಕು. ಅವರಿಂದ ಆಗದಿದ್ದರೆ ಇಲಾಖೆಯವರು ಕೈಗೊಳ್ಳಬೇಕು. ಕೇಳಿದಾಗಲೆಲ್ಲ ಗುತ್ತಿಗೆದಾರನ ಕಡೆ ಬೆರಳು ತೋರಿಸುವುದನ್ನು ಬಿಡಿ. ಆ ಗುತ್ತಿಗೆದಾರನನ್ನು ಕರೆತಂದವರು ನೀವೇ ತಾನೇ? ದುಡಿಯುವವರನ್ನು ಹೀಗೆ ನಡೆಸಿಕೊಂಡು ಮೇಲಿಂದ ಅವರನ್ನೇ ದೂರುತ್ತೀರಲ್ಲ, ನಿಮಗೆ ಸ್ವಲ್ಪವಾದರೂ ನಾಚಿಕೆಯಾಗಬೇಕು.

– ರೋಗಿಯೊಬ್ಬರ ಮಗ