ಕೌಂಟರಿನ ಆಚೆ ಬದಿಯ ಲೆಕ್ಕ

ಪ್ರಿಯ ಗೆಳೆಯರೆ,

ವಿಶ್ವವಿದ್ಯಾಲಯದ ಪುಸ್ತಕದಂಗಡಿಯವರು ನಿಮ್ಮ ಕವನ ಸಂಕಲನ ಇಟ್ಟುಕೊಳ್ಳಲು ಮೀನಮೇಷ ಎಣಿಸಿದರೆಂದು ಬರೆದಿದ್ದೀರಿ. ಅವರ ಗಲ್ಲಾಪೆಟ್ಟಿಗೆಯ ಕಡೆಯಿಂದಲೂ ಒಮ್ಮೆ ನೋಡಿ. ಸ್ವಂತ ಬಲದ ಮೇಲೆ ನಡೆಯುವ ಇಂಥ ಅಂಗಡಿಗೆ ದುಡ್ಡು ಹುಟ್ಟುವುದು ಹೆಚ್ಚಾಗಿ ಸೆಮಿಸ್ಟರ್ ಶುರುವಾಗುವ ವಾರಗಳಲ್ಲಿ, ಅದೂ ಪಠ್ಯಪುಸ್ತಕದಿಂದ. ನಿಧಾನಕ್ಕೆ ಹೋಗುವ ಕಥೆ, ಕವಿತೆಗಳಿಗೆ ಕಪಾಟು ಸಿಗುವುದು ಆ ದುಡ್ಡಿನಿಂದಲೇ. ಆ ನೂಕುನುಗ್ಗಲಿನಲ್ಲಿ ಹೋಗಿ ನಿಂತರೆ ಎಂಥ ಸಜ್ಜನರೂ 'ಆಮೇಲೆ ಬನ್ನಿ' ಅಂದಾರು. ಒಂದು ತಿಂಗಳು ಬಿಟ್ಟು, ಪರೀಕ್ಷೆ ಇನ್ನೂ ದೂರವಿರುವಾಗ ಹೋಗಿ.

ಹೋಗುವ ಮೊದಲು ಪುಸ್ತಕವನ್ನು ತಿರುಗಿಸಿ ನೋಡಿ. ನಡುವೆ ಪಿನ್ ಹೊಡೆದ ಪುಸ್ತಿಕೆಗೆ ಹೆಸರು ಅಚ್ಚಾಗುವ ಬೆನ್ನೇ ಇರುವುದಿಲ್ಲ, ಕಪಾಟಿಗೆ ಸೇರಿಸಿದ ಕೂಡಲೇ ಕಾಣೆಯಾಗುತ್ತದೆ. ಹಿಂಬದಿಯಲ್ಲಿ ಬೆಲೆ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಬಾರ್‌ಕೋಡ್ ಇರಲೇಬೇಕು. 2007ರಿಂದ ಐಎಸ್‌ಬಿಎನ್‌ಗೆ 13 ಅಂಕಿ. ಪೇಪರ್‌ಬ್ಯಾಕ್‌ಗೆ ಒಂದು, ರಟ್ಟಿನ ಹೊದಿಕೆಯದಕ್ಕೆ ಇನ್ನೊಂದು. ಏನೂ ತಿದ್ದದ ಮರುಮುದ್ರಣಕ್ಕೆ ಹಳೆಯದೇ ಸಾಕು. ಚೆಂದ ಕಾಣಲೆಂದು ಬಾರ್‌ಕೋಡಿನ ಗೆರೆಗಳನ್ನು ಕೆಂಪಿನಲ್ಲಿ ಅಚ್ಚು ಹಾಕಿಸುವವರಿದ್ದಾರೆ. ಕೆಂಪು ಬೆಳಕಿನ ಸ್ಕ್ಯಾನರಿಗೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ. ಬಿಳಿಯ ಮೇಲೆ ಕಪ್ಪು, ಎಡಬಲಕ್ಕೆ ಒಂದಿಷ್ಟು ಖಾಲಿ ಜಾಗ, ಅಷ್ಟೇ.

ಮಾರಾಟವಾದ ಮೇಲೆ ಹಣ ಎಂಬ ಕರಾರಿಗೆ ಒಪ್ಪಿಕೊಳ್ಳಿ, ಆದರೆ ಐದೇ ಪ್ರತಿ ಕೊಡಿ. ಶೇ. 40 ಕಮಿಷನ್ ಕೇಳಿದರೆ ಹೌಹಾರಬೇಡಿ. ಬೆಲೆ ಇಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿದಿರಬೇಕು. ಮುಖಬೆಲೆಯ ಅರ್ಧದಷ್ಟು ಮುದ್ರಣಕ್ಕೇ ಹೋಗಿದ್ದರೆ ನಿಮಗೆ ಉಳಿಯುವುದು ಶೇ. 10, ಓಡಾಟದ ಖರ್ಚು ಅದರಲ್ಲೇ. ಎರಡು ಪ್ರತಿಯಲ್ಲಿ ಚಲನ್ ಬರೆದು ಸಹಿ ಹಾಕಿಸಿಕೊಳ್ಳಿ: ಎಷ್ಟು ಪ್ರತಿ, ಯಾವ ಬೆಲೆ, ಎಷ್ಟು ಕಮಿಷನ್, ಲೆಕ್ಕ ಚುಕ್ತಾ ಯಾವಾಗ, ಹಾಳಾದ ಪ್ರತಿಗೆ ಯಾರು ಹೊಣೆ. ಬಾಯಿಮಾತಿನಲ್ಲಿ ಬಿಟ್ಟರೆ ಮ್ಯಾನೇಜರ್ ಬದಲಾದ ದಿನ ನಿಮ್ಮ ಪುಸ್ತಕ ಯಾರದೂ ಅಲ್ಲದ್ದಾಗುತ್ತದೆ. ಇನ್ನು, ಅಂಗಡಿಗೆ ಪೂರ್ತಿ ಬೆಲೆಗೆ ಮಾರಲು ಕೊಟ್ಟು ಫೇಸ್‌ಬುಕ್ಕಿನಲ್ಲಿ ಅರ್ಧ ಬೆಲೆಗೆ ಮಾರಬೇಡಿ. ಇದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ.

'ಸ್ಥಳೀಯ ಲೇಖಕರು' ಎಂಬ ಪ್ರತ್ಯೇಕ ಕಪಾಟಿನ ಬಗ್ಗೆ ನನಗೆ ಅನುಮಾನ. ಮೂಲೆಯಲ್ಲಿದ್ದರೆ ಅಲ್ಲಿಗೆ ಬರುವವರು ಆ ಲೇಖಕರ ಸ್ನೇಹಿತರು ಮಾತ್ರ. ಕವಿತೆಯನ್ನು ಕವಿತೆಗಳ ನಡುವೆಯೇ ಇಡಿಸಿ, ಒಂದು ಪ್ರತಿ ಮುಖಪುಟ ಕಾಣುವಂತೆ ನಿಲ್ಲಲಿ.

ಯಾರಾದರೂ ಅಧ್ಯಾಪಕರು ನಿಮ್ಮ ಪುಸ್ತಕವನ್ನು ತರಗತಿಗೆ ಹಚ್ಚಿದರೆ ಅಂಗಡಿಗೆ ವಾರಗಳ ಮೊದಲೇ ತಿಳಿಸಿ. 60 ಮಂದಿಯ ತರಗತಿಗೆ 60 ಪ್ರತಿ ಹೊರಿಸಬೇಡಿ; ಲೈಬ್ರರಿ, ಸೆಕೆಂಡ್ ಹ್ಯಾಂಡ್, ಜೆರಾಕ್ಸ್ ಎಲ್ಲ ಇದ್ದೇ ಇವೆ. ಮೊದಲು 20 ಬರಲಿ.

ಅಂಗಡಿಯಲ್ಲಿ ವಾಚನ ಇಟ್ಟುಕೊಂಡರೆ 20 ನಿಮಿಷ ಓದಿ, ಸಾಕು. ಬರುವವರಲ್ಲಿ ಮೂರು ನಾಲ್ಕು ಮಂದಿಗೊಂದರಂತೆ ಪ್ರತಿ ತರಿಸಿ, ಮೇಜು ಬಾಗಿಲ ಪಕ್ಕ ಹಾಕಿಸಿ. ಬೇರೆಯವರ ವಾಚನಕ್ಕೂ ಹೋಗಿ, ಹೋದಾಗ ಒಂದು ಪುಸ್ತಕ ಕೊಳ್ಳಿ.

ಆರು ತಿಂಗಳಾದರೂ ಪುಸ್ತಕ ಅಲುಗದಿದ್ದರೆ ಅವರು ಫೋನ್ ಮಾಡುವ ಮೊದಲೇ ಹೋಗಿ, ಒಂದು ಪ್ರತಿ ಬಿಟ್ಟು ಉಳಿದವನ್ನು ತಂದುಬಿಡಿ. ಮುಂದಿನ ಸಂಕಲನ ಹಿಡಿದುಕೊಂಡು ಅದೇ ಕೌಂಟರಿಗೆ ಹೋಗಬೇಕಲ್ಲ.

ಪ್ರೀತಿಯಿಂದ,
ನಿಮ್ಮ ಹಿರಿಯ ಗೆಳೆಯ